ಯಾರಿಗೆ ಹೇಳುವ ಮಾತು?

(ಇಬ್ಬರ ನಡುವಿನ ಮಾತುಕತೆ. ಒಬ್ಬರು ಆಕಾಶವಾಣಿಯಲ್ಲಿ ದುಡಿದು ನಿವೃತ್ತರಾದವರು. ಇನ್ನೊಬ್ಬಳು ಅವರ ಅಕ್ಕನ ಮಗಳು. ಒಂದು ಅಂತರರಾಷ್ಟ್ರೀಯ ಸಂಸ್ಥೆಯ ಸಂವಹನ ವಿಭಾಗದಲ್ಲಿ ಕೆಲಸ.)

ಚಿಕ್ಕಮ್ಮ: ನೀನು ಕಳಿಸಿದ ಕರಡು ಪೂರ್ತಿ ಓದಿದೆ. ದಾನಿ ದೇಶಗಳ ಮುಂದೆ ಏನು ಹೇಳಬೇಕು, ಪತ್ರಕರ್ತರು ಕೆದಕಿದರೆ ಏನು ಹೇಳಬೇಕು, ಫೇಸ್‌ಬುಕ್ಕಿನಲ್ಲಿ ಎಂಥ ಫೋಟೊ ಹಾಕಬೇಕು, ಎಲ್ಲ ಇದೆ. ಯಾರ ಊರಿನಲ್ಲಿ ನಿಮ್ಮ ಕೆಲಸ ನಡೆಯುತ್ತೋ ಆ ಊರಿನವರು ಒಂದು ಪ್ರಶ್ನೆ ಕೇಳಿದರೆ ಅದಕ್ಕೆ ಯಾರು, ಎಷ್ಟು ದಿನದಲ್ಲಿ ಉತ್ತರ ಕೊಡಬೇಕು ಅನ್ನೋದು ಮಾತ್ರ ಹುಡುಕಿದರೂ ಸಿಗಲಿಲ್ಲ.

ಮಗಳು: ಸಮುದಾಯಕ್ಕೆ ಅಂತಲೇ ಒಂದು ಅಧ್ಯಾಯ ಇದೆಯಲ್ಲ, ಚಿಕ್ಕಮ್ಮ.

ಚಿಕ್ಕಮ್ಮ: ಇದೆ. ಅವರಿಗೆ ಏನೇನು ಹೇಳಬೇಕು ಅಂತ ಪುಟಗಟ್ಟಲೆ ಇದೆ. ಅವರು ಹೇಳಿದ್ದನ್ನ ಎಲ್ಲಿಗೆ ಮುಟ್ಟಿಸಬೇಕು ಅಂತ ಒಂದು ಸಾಲೂ ಇಲ್ಲ. ಹುಳುಕು ಹುಡುಕಬೇಕು ಅಂತ ಹೇಳ್ತಾ ಇಲ್ಲ ಕಣೇ. ನಿನ್ನ ಕೆಲಸದ ಜೀವ ಇರೋದೇ ಅಲ್ಲಿ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತೆ, ಅದಕ್ಕೆ.

ಮಗಳು: ನೀವು ಹೇಳೋದು ನ್ಯಾಯವೇ. ಆದರೆ 193 ದೇಶಗಳು ಸದಸ್ಯರಾಗಿರೋ ಕಡೆ ಮಾತು ಹೇಗೆ ಹುಟ್ಟುತ್ತೆ ಅನ್ನೋದನ್ನ ಮೊದಲು ಕೇಳಿ. ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯ ವಕ್ತಾರರು ಕೆಲಸದ ದಿನಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಪತ್ರಕರ್ತರ ಮುಂದೆ ನಿಲ್ತಾರೆ. ಅವರ ಕೈಯಲ್ಲಿರೋ ಕಾಗದಗಳಲ್ಲಿ ಎರಡು ಥರದ ಸಾಲುಗಳು. ಒಂದು, ತಾವಾಗಿ ಓದೋವು. ಇನ್ನೊಂದು, ಕೇಳಿದರೆ ಮಾತ್ರ ಹೇಳೋವು. ಈ ಎರಡನೇ ಥರದ ಒಂದು ಸಾಲು ಎಷ್ಟು ಕೈ ದಾಟಿ ಬರುತ್ತೆ ಗೊತ್ತಾ? ಊರಲ್ಲಿರೋ ಕಚೇರಿಯವರು ಕರಡು ಕಳಿಸ್ತಾರೆ. ರಾಜಕೀಯ ವಿಭಾಗ ಅದರಲ್ಲಿರೋ ದೇಶದ ಹೆಸರು ತೆಗೆಯುತ್ತೆ. ಕಾನೂನಿನವರು ಒಪ್ಪಿಕೊಂಡ ಹಾಗೆ ಕಾಣೋ ಮಾತು ತೆಗೀತಾರೆ. ಭದ್ರತೆಯವರು ಜಾಗದ ಹೆಸರು ತೆಗೀತಾರೆ. ಬೆಳಗ್ಗೆ ‘ನಮ್ಮ ಶಿಬಿರದಿಂದ ಗುಂಡು ಹಾರಿದೆ’ ಅಂತ ಹೊರಟಿದ್ದು ಮಧ್ಯಾಹ್ನದ ಹೊತ್ತಿಗೆ ‘ಘಟನೆಯ ವರದಿಗಳು ನಮ್ಮ ಗಮನಕ್ಕೆ ಬಂದಿವೆ’ ಅಂತ ಆಗಿರುತ್ತೆ.

ಚಿಕ್ಕಮ್ಮ: ಇಷ್ಟು ಜನ ಸೇರಿ ಅಳಿಸಿದ ಮೇಲೆ ಉಳಿದದ್ದು ಯಾರಿಗಾಗಿ?

ಮಗಳು: ಅದು ಬರೀ ಅಂಜಿಕೆಯಿಂದ ಆಗೋದಲ್ಲ. ಒಂದು ಅವಸರದ ವಾಕ್ಯದಿಂದ ರಸ್ತೆಯಲ್ಲಿರೋ ಅಕ್ಕಿ ಲಾರಿಗೆ ಬೆಂಕಿ ಬೀಳಬಹುದು. ಆತಿಥೇಯ ಸರ್ಕಾರ ಮುನಿಸಿಕೊಂಡು ವೀಸಾ ನಿಲ್ಲಿಸಬಹುದು. ಸೈನಿಕರನ್ನ ಕಳಿಸಿದ ದೇಶ ವಾಪಸ್ ಕರೆಸಿಕೊಳ್ಳಬಹುದು. ಇದೆಲ್ಲ ತೂಗಿ ಮಾತಾಡೋದನ್ನೇ ನಾವು ಕಾರ್ಯತಂತ್ರ ಅನ್ನೋದು. ಮತ್ತೆ, ಜನಕ್ಕೆ ತಿಳಿಸಬೇಕು ಅನ್ನೋ ಕಾಳಜಿ ಇವತ್ತಿನದೇನಲ್ಲ. 1946ರ ಫೆಬ್ರವರಿಯಲ್ಲಿ, ಮಹಾಸಭೆಯ ಮೊದಲ ಅಧಿವೇಶನದಲ್ಲೇ, 13ನೇ ನಿರ್ಣಯದಿಂದ ಸಾರ್ವಜನಿಕ ಮಾಹಿತಿ ವಿಭಾಗ ಹುಟ್ಟಿತು. ಜಗತ್ತಿನ ಜನಕ್ಕೆ ಸಂಸ್ಥೆಯ ಗುರಿ, ಕೆಲಸ ಪೂರ್ತಿ ತಿಳಿಯದೆ ಹೋದರೆ ಅದು ಹುಟ್ಟಿದ ಉದ್ದೇಶವೇ ಈಡೇರುವುದಿಲ್ಲ ಅಂತ ಆಗಲೇ ಬರೆದಿಟ್ಟಿದ್ದಾರೆ. ಪ್ರಚಾರಕ್ಕೆ ಇಳಿಯಕೂಡದು ಅಂತಲೂ ಬರೆದಿದ್ದಾರೆ. 2019ರಿಂದ ಅದೇ ‘ಜಾಗತಿಕ ಸಂವಹನ ವಿಭಾಗ’.

ಚಿಕ್ಕಮ್ಮ: ಬರೆದದ್ದು ಚೆನ್ನಾಗಿದೆ. ನಡೆದದ್ದು ಹೇಳು.

ಮಗಳು: ಹಾಗಾದರೆ ಕಾಂಬೋಡಿಯಾ ತಗೊಳ್ಳಿ. 1991ರ ಅಕ್ಟೋಬರಿನಲ್ಲಿ ಪ್ಯಾರಿಸ್ ಒಪ್ಪಂದ ಆಯಿತು. ಮರುವರ್ಷ ವಿಶ್ವಸಂಸ್ಥೆಯ ಆಡಳಿತ ತಂಡ ಆ ದೇಶಕ್ಕೆ ಬಂತು, ಜಪಾನಿನ ಯಸುಶಿ ಅಕಾಶಿ ಅದರ ಮುಖ್ಯಸ್ಥರು. ಚುನಾವಣೆ ನಡೆಸಬೇಕು. ಯಾರ ನಡುವೆ? 1975ರಿಂದ 79ರವರೆಗೆ ಖ್ಮೇರ್ ರೂಜ್ ಆಳಿದಾಗ ಮನೆಗೊಬ್ಬರನ್ನಾದರೂ ಕಳಕೊಂಡ ಜನರ ನಡುವೆ. ಮನಸ್ಸಿನಲ್ಲಿರೋದು ಹೊರಗೆ ಬಿದ್ದರೆ ಪ್ರಾಣ ಹೋಗುತ್ತೆ ಅಂತ ಕಲಿತವರು ಅವರು. ಮತ ಯಾರಿಗೆ ಹಾಕಿದಿರಿ ಅಂತ ಯಂತ್ರ ಇಟ್ಟು ಕಂಡುಹಿಡೀತಾರೆ ಅನ್ನೋ ಗಾಳಿಸುದ್ದಿ ಹಳ್ಳಿ ಹಳ್ಳಿಗೆ ಹಬ್ಬಿತ್ತು. ಅಂಥ ಕಡೆ ನ್ಯೂಯಾರ್ಕಿನ ಪತ್ರಿಕಾ ಹೇಳಿಕೆ ಯಾವ ಕೆಲಸಕ್ಕೆ ಬರಬೇಕು?

ಚಿಕ್ಕಮ್ಮ: ಆಗ ರೇಡಿಯೊ ಶುರು ಮಾಡಿದರು.

ಮಗಳು: 1992ರ ನವೆಂಬರಿನಲ್ಲಿ. ಸಂಸ್ಥೆ ತನ್ನದೇ ನಿಲಯ ನಡೆಸೋದು ಸರಿಯೇ ಅಂತ ಒಳಗೇ ತಕರಾರು ಎದ್ದಿತ್ತು. ಶಾಂತಿಪಾಲನೆಯಲ್ಲಿ ಅದುವರೆಗೆ ಯಾರೂ ಅಂಥದ್ದು ಮಾಡಿರಲಿಲ್ಲ. ‘ರೇಡಿಯೊ ಅನ್‌ಟ್ಯಾಕ್’ ಅಂತ ಹೆಸರು. ಖ್ಮೇರ್ ಭಾಷೆಯಲ್ಲಿ, ಚುನಾವಣೆ ಹತ್ತಿರ ಬಂದಾಗ ದಿನಕ್ಕೆ 15 ಗಂಟೆ. ಹಾಡು, ನಾಟಕ, ಕೇಳುಗರ ಪತ್ರಕ್ಕೆ ಉತ್ತರ. ಕಣದಲ್ಲಿದ್ದ 20 ಪಕ್ಷಗಳಿಗೂ ಸಮಯ. ಒಬ್ಬರ ಬಗ್ಗೆ ಇನ್ನೊಬ್ಬರು ಸುಳ್ಳು ಹೇಳಿದರೆ ಅದೇ ನಿಲಯದಲ್ಲಿ ತಿರುಗಿ ಹೇಳೋ ಹಕ್ಕು. ಇವುಗಳ ನಡುವೆ ಒಂದೇ ಮಾತು ಮತ್ತೆ ಮತ್ತೆ: ನಿಮ್ಮ ಮತ ಗುಟ್ಟು, ಯಾವ ಯಂತ್ರಕ್ಕೂ ಅದು ಕಾಣುವುದಿಲ್ಲ. ಜಪಾನಿನ ಜನ ಕೊಟ್ಟ ರೇಡಿಯೊಗಳನ್ನ ಹಳ್ಳಿಗಳಲ್ಲಿ ಹಂಚಿದರು. ಖ್ಮೇರ್ ರೂಜ್ ಬಹಿಷ್ಕಾರ ಹಾಕಿ ಬೆದರಿಕೆ ಒಡ್ಡಿದ್ದರೂ 1993ರ ಮೇ ತಿಂಗಳಿನಲ್ಲಿ ನೋಂದಾಯಿಸಿಕೊಂಡ ನೂರಕ್ಕೆ ಸುಮಾರು ತೊಂಬತ್ತು ಜನ ಬಂದು ಮತ ಹಾಕಿದರು.

ಚಿಕ್ಕಮ್ಮ: ಪತ್ರಕ್ಕೆ ಉತ್ತರ ಅಂದೆಯಲ್ಲ, ಆ ಯಶಸ್ಸಿನ ಬೇರು ಅಲ್ಲಿದೆ. ಗಾಳಿಸುದ್ದಿ ಹಬ್ಬಿದೆ ಅಂತ ತಿಳಿದದ್ದಕ್ಕೇ ಅದಕ್ಕೆ ಉತ್ತರ ಕೊಡೋಕೆ ಆಯಿತು. ಯಾವ ಭಯಕ್ಕೆ ಸಮಾಧಾನ ಹೇಳಬೇಕು ಅಂತ ಕೇಳುಗರೇ ಅವರಿಗೆ ಹೇಳಿಕೊಟ್ಟರು. ನಮ್ಮಲ್ಲೂ ಹಾಗೇ ಆಗ್ತಿತ್ತು. ಕೃಷಿರಂಗಕ್ಕೆ ಬರೋ ಕಾರ್ಡುಗಳಲ್ಲಿ ಯಾವ ತಾಲ್ಲೂಕಿನಿಂದ ಯಾವ ರೋಗದ ಪ್ರಶ್ನೆ ಜಾಸ್ತಿ ಬರುತ್ತೆ ಅಂತ ನೋಡಿದರೆ ಈ ವಾರ ಯಾವ ವಿಜ್ಞಾನಿಯನ್ನ ಕರೆಸಬೇಕು ಅಂತ ತಾನಾಗಿ ಗೊತ್ತಾಗೋದು. ಆದರೆ ಕಾಂಬೋಡಿಯಾದ ಕಥೆ ನೀನು ಅಲ್ಲಿಗೆ ನಿಲ್ಲಿಸಬಾರದು.

ಮಗಳು: ನಿಲ್ಲಿಸೋದಿಲ್ಲ. ಗೆದ್ದದ್ದು ಒಂದು ಪಕ್ಷ, 58 ಸ್ಥಾನ. 51 ಸ್ಥಾನ ಬಂದ, ಅದುವರೆಗೆ ಆಳುತ್ತಿದ್ದ ಹುನ್ ಸೆನ್ ಅವರ ಪಕ್ಷ ಅಧಿಕಾರ ಬಿಟ್ಟುಕೊಡಲಿಲ್ಲ. ಕೊನೆಗೆ ಇಬ್ಬರು ಪ್ರಧಾನಿಗಳ ಸರ್ಕಾರ ಬಂತು. ರೇಡಿಯೊ ಜನರನ್ನ ಮತಗಟ್ಟೆವರೆಗೆ ಕರೆತರಬಲ್ಲದು. ಸೋತವರನ್ನ ಕುರ್ಚಿಯಿಂದ ಇಳಿಸೋ ಶಕ್ತಿ ಅದಕ್ಕಿಲ್ಲ.

ಚಿಕ್ಕಮ್ಮ: 1993ರ ಸೆಪ್ಟೆಂಬರಿನಲ್ಲಿ ತಂಡ ಹೊರಟಾಗ ನಿಲಯವೂ ಮುಚ್ಚಿತು. ನನಗೆ ತುಂಬ ಸಂಕಟ ಆಗೋದು ಅದಕ್ಕೆ. ದೇಶದಲ್ಲಿ ಎಲ್ಲ ಪಕ್ಷದವರ ಮಾತೂ ಕೇಳಿಸ್ತಿದ್ದ ನಿಲಯ ಅದು. ಇನ್ನಷ್ಟು ವರ್ಷ ಉಳಿಸಿದ್ದರೆ ಎಷ್ಟು ದೊಡ್ಡ ಉಪಕಾರ ಆಗ್ತಿತ್ತು. ಸರಿ, ನೀನು ಕಾಂಬೋಡಿಯಾ ಹೇಳಿದೆ. ಅದೇ ವರ್ಷ ಶುರುವಾದ ಇನ್ನೊಂದು ಕಥೆ ನಾನು ಹೇಳ್ತೀನಿ. ರುವಾಂಡ.

ಮಗಳು: ಅದು ಬರುತ್ತೆ ಅಂತ ಗೊತ್ತಿತ್ತು.

ಚಿಕ್ಕಮ್ಮ: ಬರಲೇಬೇಕು. 1993ರ ಜುಲೈನಲ್ಲಿ ಅಲ್ಲಿ ಆರ್‌ಟಿಎಲ್‌ಎಂ ಅನ್ನೋ ಖಾಸಗಿ ರೇಡಿಯೊ ಶುರುವಾಯಿತು. ಕಿನ್ಯರುವಾಂಡ ಭಾಷೆಯಲ್ಲಿ ಹರಟೆ, ಒಳ್ಳೊಳ್ಳೆ ಹಾಡು, ಜೊತೆಗೆ ಟುಟ್ಸಿ ಜನಾಂಗದವರ ಮೇಲೆ ವಿಷ. ಜನ ಹಾಡಿಗೆ ಹಚ್ಚುತ್ತಿದ್ದರು, ವಿಷ ತಾನಾಗಿ ಒಳಗೆ ಹೋಗ್ತಿತ್ತು. ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಪಡೆ ಬಂತು, ಕೆನಡಾದ ಜನರಲ್ ರೋಮಿಯೊ ಡಲ್ಲೇರ್ ಅದರ ದಂಡನಾಯಕ. ತಮಗೊಂದು ರೇಡಿಯೊ ಬೇಕು ಅಂತ ಅವರು ಕೇಳಿದರು, ಸಿಗಲಿಲ್ಲ. ಕಾಂಬೋಡಿಯಾದಲ್ಲಿ ನಿಲಯ ಮುಚ್ಚಿ ಹೆಚ್ಚು ದಿನ ಆಗಿರಲಿಲ್ಲ, ನೆನಪಿಡು. ಆ ಅನುಭವ, ಆ ಜನ, ಆ ಸಾಮಾನು ಯಾವುದೂ ರುವಾಂಡದ ರಾಜಧಾನಿ ಕಿಗಾಲಿಗೆ ಹೋಗಲಿಲ್ಲ. 1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷರ ವಿಮಾನವನ್ನ ಹೊಡೆದುರುಳಿಸಿದರು. ಬೆಲ್ಜಿಯಂ ಸೈನಿಕರೇ ಅದನ್ನ ಹೊಡೆದದ್ದು ಅಂತ ಆ ರೇಡಿಯೊ ಹಬ್ಬಿಸಿತು. ಮಾರನೇ ದಿನ ವಿಶ್ವಸಂಸ್ಥೆಯ ಪಡೆಯಲ್ಲಿದ್ದ ಹತ್ತು ಮಂದಿ ಬೆಲ್ಜಿಯಂ ಸೈನಿಕರನ್ನ ಕೊಂದರು. ಆಮೇಲೆ ಆ ರೇಡಿಯೊದಲ್ಲಿ ಹೆಸರು, ವಿಳಾಸ, ಕಾರಿನ ನಂಬರು ಸಮೇತ ಓದತೊಡಗಿದರು: ಇಂಥವನು ಇಂಥಲ್ಲಿ ಅಡಗಿದ್ದಾನೆ, ಹೋಗಿ. ನೂರು ದಿನದಲ್ಲಿ ಸುಮಾರು ಎಂಟು ಲಕ್ಷ ಜೀವ. ಆ ನೂರು ದಿನದಲ್ಲಿ ವಿಶ್ವಸಂಸ್ಥೆಗೆ ಜನರ ಭಾಷೆಯಲ್ಲಿ ‘ಅದು ಸುಳ್ಳು, ಇಂಥ ಕಡೆ ಬನ್ನಿ, ರಕ್ಷಣೆ ಇದೆ’ ಅಂತ ಹೇಳೋಕೆ ಒಂದು ನಿಲಯ ಇರಲಿಲ್ಲ. ಬಂದದ್ದು 1995ರಲ್ಲಿ.

ಮಗಳು: ರೇಡಿಯೊ ಒಂದಿದ್ದಿದ್ದರೆ ಹತ್ಯೆ ನಿಲ್ತಿತ್ತು ಅಂತ ಹೇಳೋಕೆ ಆಗೋಲ್ಲ, ಚಿಕ್ಕಮ್ಮ. ಏಪ್ರಿಲ್ 21ರಂದು ಭದ್ರತಾ ಮಂಡಳಿ ಆ ಪಡೆಯನ್ನೇ 270 ಜನಕ್ಕೆ ಇಳಿಸೋ ತೀರ್ಮಾನ ಮಾಡಿತು. ಸೈನಿಕರೇ ಇಲ್ಲದ ಮೇಲೆ ‘ರಕ್ಷಣೆ ಇದೆ’ ಅನ್ನೋದು ಸುಳ್ಳಾಗ್ತಿತ್ತು.

ಚಿಕ್ಕಮ್ಮ: ಒಪ್ಪಿದೆ, ಅದು ದೊಡ್ಡ ಮಾತು. ಕೈಯಲ್ಲಿ ಆಗದ್ದನ್ನ ಬಾಯಲ್ಲಿ ಹೇಳಬಾರದು. ಆದರೆ ಇನ್ನೊಂದು ಇದೆ. ಅದೇ ವರ್ಷ ಜನವರಿ 11ಕ್ಕೆ ಡಲ್ಲೇರ್ ನ್ಯೂಯಾರ್ಕಿಗೆ ತಂತಿ ಕಳಿಸಿದ್ದರು. ಆಯುಧ ಎಲ್ಲಿ ಬಚ್ಚಿಟ್ಟಿದ್ದಾರೆ, ಟುಟ್ಸಿಗಳ ಪಟ್ಟಿ ಮಾಡ್ತಿದ್ದಾರೆ ಅಂತ ಒಳಗಿನ ಒಬ್ಬ ಹೇಳಿದ್ದಾನೆ, ನಾವು ಹೋಗಿ ಆಯುಧ ವಶಪಡಿಸಿಕೊಳ್ತೀವಿ ಅಂತ. ಬೇಡ ಅಂತ ಉತ್ತರ ಬಂತು. ಹೊರಗೆ ಹೇಳೋಕೆ ಬಾಯಿ ಇರಲಿಲ್ಲ, ಒಳಗೆ ಬಂದದ್ದನ್ನ ಕೇಳೋ ಕಿವಿಯೂ ಇರಲಿಲ್ಲ. ನಿಮ್ಮ ಸಂವಹನದ ಪಾಠಗಳಲ್ಲಿ ಆರ್‌ಟಿಎಲ್‌ಎಂ ಬಗ್ಗೆ ಹೇಳ್ತಾರೆ. ಈ ತಂತಿ ಬಗ್ಗೆ ಹೇಳೋದು ಕಡಿಮೆ. ನನಗೆ ಎರಡೂ ಒಂದೇ ಕಾಯಿಲೆ.

ಮಗಳು: ಆಗ ಶಾಂತಿಪಾಲನಾ ವಿಭಾಗದ ಮುಖ್ಯಸ್ಥರಾಗಿದ್ದವರು ಕೋಫಿ ಅನ್ನಾನ್. ಮುಂದೆ ಅವರೇ ಪ್ರಧಾನ ಕಾರ್ಯದರ್ಶಿ ಆದಾಗ ಸ್ವೀಡನ್ನಿನ ಮಾಜಿ ಪ್ರಧಾನಿ ಇಂಗ್ವಾರ್ ಕಾರ್ಲ್‌ಸನ್ ಅವರಿಂದ ಸ್ವತಂತ್ರ ವಿಚಾರಣೆ ಮಾಡಿಸಿ, 1999ರ ಡಿಸೆಂಬರಿನಲ್ಲಿ ವರದಿಯನ್ನ ಪೂರ್ತಿ ಬಹಿರಂಗ ಮಾಡಿದರು. ತಮ್ಮ ವಿಭಾಗದ ಲೋಪ ಅದರಲ್ಲೇ ಇತ್ತು. ಅದೂ ಸಂವಹನವೇ ಅಲ್ಲವಾ? ಮುಂದಿನ ವರ್ಷ ಅಲ್ಜೀರಿಯಾದ ಲಖ್ದರ್ ಬ್ರಹಿಮಿ ನೇತೃತ್ವದ ಸಮಿತಿ, ಯಾವ ಪಡೆ ಹೊರಟರೂ ಮಾಹಿತಿ ತಂಡ ಮೊದಲ ದಿನದಿಂದಲೇ ಜೊತೆಗಿರಬೇಕು ಅಂತ ಶಿಫಾರಸು ಮಾಡಿತು. ಕಾಂಗೊದ ರೇಡಿಯೊ ಒಕಾಪಿ ಬಂದದ್ದು ಆ ಪಾಠ ಕಲಿತ ಮೇಲೆ.

ಚಿಕ್ಕಮ್ಮ: ಒಕಾಪಿ ನನಗೆ ತುಂಬ ಇಷ್ಟ. ಹೇಳು.

ಮಗಳು: 2002ರ ಫೆಬ್ರವರಿ 25. ದೇಶ ಹರಿದು ಹಂಚಿಹೋಗಿತ್ತು. ಒಬ್ಬೊಬ್ಬ ಬಂಡುಕೋರನ ಕೈಯಲ್ಲಿ ಒಂದೊಂದು ಭಾಗ, ಈ ಕಡೆಯ ಸುದ್ದಿ ಆ ಕಡೆಗೆ ಹೋಗೋ ಹಾಗಿರಲಿಲ್ಲ. ವಿಶ್ವಸಂಸ್ಥೆಯ ತಂಡ, ಸ್ವಿಟ್ಜರ್ಲೆಂಡಿನ ಫೊಂದಾಸಿಯೊನ್ ಇರೊಂದೆಲ್ ಅನ್ನೋ ಸಂಸ್ಥೆ, ಇಬ್ಬರೂ ಸೇರಿ ನಿಲಯ ಕಟ್ಟಿದರು. ಫ್ರೆಂಚ್, ಲಿಂಗಾಲ, ಸ್ವಾಹಿಲಿ, ಕಿಕೊಂಗೊ, ಚಿಲುಬಾ, ಒಟ್ಟು ಐದು ಭಾಷೆ. ಮಾತಾಡೋರು ಕಾಂಗೊದ ಪತ್ರಕರ್ತರೇ. ಒಕಾಪಿ ಅನ್ನೋದು ಆ ದೇಶದ ಕಾಡಲ್ಲಿ ಮಾತ್ರ ಇರೋ ಪ್ರಾಣಿ, ಹಾಗಾಗಿ ಹೆಸರು ಯಾವ ಪಂಗಡದ್ದೂ ಅಲ್ಲ, ಎಲ್ಲರದ್ದೂ. ಸಂಜೆ ಹೊತ್ತು ಎದುರಾಳಿಗಳನ್ನ ಒಂದೇ ಮೈಕಿನ ಮುಂದೆ ಕೂರಿಸೋ ಚರ್ಚೆ. ಇದಕ್ಕೆ ಅವರು ಕೊಟ್ಟ ಬೆಲೆಯೂ ದೊಡ್ಡದು. ಬುಕಾವು ಪಟ್ಟಣದಲ್ಲಿ 2007ರಲ್ಲಿ ಸೆರ್ಜ್ ಮಹೇಶೆ, 2008ರಲ್ಲಿ ದಿದಾಸ್ ನಮುಜಿಂಬೊ, ಇಬ್ಬರು ಪತ್ರಕರ್ತರನ್ನ ಗುಂಡಿಕ್ಕಿ ಕೊಂದರು. 2012ರ ಡಿಸೆಂಬರಿನಲ್ಲಿ, ಬಂಡುಕೋರರ ಸಂದರ್ಶನ ಪ್ರಸಾರ ಆದ ಬೆನ್ನಲ್ಲೇ, ರಾಜಧಾನಿಯಲ್ಲಿ ಸರ್ಕಾರ ಕೆಲವು ದಿನ ಪ್ರಸಾರವನ್ನೇ ಕಡಿದುಹಾಕಿತು.

ಚಿಕ್ಕಮ್ಮ: ಸರ್ಕಾರಕ್ಕೆ ಸಿಟ್ಟು ಬಂದಿದೆ ಅಂದರೆ ಅದು ವಿಶ್ವಸಂಸ್ಥೆಯ ತುತ್ತೂರಿ ಆಗಿರಲಿಲ್ಲ ಅಂತ ತಾನೆ. ಎದುರು ಪಕ್ಷದ ಮಾತಿಗೂ ಜಾಗ ಇತ್ತು. ಕೇಳುಗ ಆ ನಿಲಯಕ್ಕೆ ತಿರುಗಿಸೋದು ಅದಕ್ಕೇ. ಈಗ ಹೈಟಿಗೆ ಬರೋಣ. ನಿನ್ನ ಕರಡು ಓದ್ತಾ ಇದ್ದಾಗ ನನ್ನ ತಲೇಲಿ ಉದ್ದಕ್ಕೂ ಇದ್ದದ್ದು ಅದೇ.

ಮಗಳು: ಹೇಳಿ.

ಚಿಕ್ಕಮ್ಮ: 2010ರ ಜನವರಿಯಲ್ಲಿ ಭೂಕಂಪ. ಊರಿಗೆ ಊರೇ ಡೇರೆಯಲ್ಲಿ. ಅಕ್ಟೋಬರಿನಲ್ಲಿ, ಕಾಲರಾವನ್ನೇ ತಲೆಮಾರುಗಳಿಂದ ಕಾಣದ ಆ ದೇಶದಲ್ಲಿ, ನದಿ ನೀರು ಕುಡಿದವರು ಒಂದೆರಡು ದಿನದಲ್ಲೇ ಸಾಯತೊಡಗಿದರು. ನದಿಯ ಹೆಸರು ಆರ್ತಿಬೊನೀತ್. ಅದಕ್ಕೆ ಸೇರೋ ಒಂದು ಹಳ್ಳದ ದಡದಲ್ಲಿ, ಮೇಯ್ ಅನ್ನೋ ಹಳ್ಳಿಯಲ್ಲಿ, ವಿಶ್ವಸಂಸ್ಥೆಯ ಪಡೆಯ ನೇಪಾಳಿ ಶಿಬಿರ. ಆ ಶಿಬಿರದ ಶೌಚ ಹಳ್ಳಕ್ಕೆ ಬರ್ತಿದೆ ಅಂತ ಹಳ್ಳಿಯವರು ಮೊದಲ ವಾರದಲ್ಲೇ ಬೆರಳು ಮಾಡಿ ತೋರಿಸಿದರು. ಅವರಿಗೆ ಪ್ರಯೋಗಾಲಯ ಬೇಕಿರಲಿಲ್ಲ. ಆ ನೀರಲ್ಲೇ ಬಟ್ಟೆ ಒಗೆದು, ಅದನ್ನೇ ಕೊಡದಲ್ಲಿ ಹೊತ್ತೊಯ್ಯೋ ಹೆಂಗಸರಿಗೆ ವಾಸನೆ ಗೊತ್ತಾಗೋದಿಲ್ಲವಾ? ವಿಶ್ವಸಂಸ್ಥೆ ಏನು ಹೇಳಿತು? ಶೌಚಗುಂಡಿಗಳೆಲ್ಲ ನಿಯಮದ ಪ್ರಕಾರವೇ ಇವೆ. ನವೆಂಬರಿನಲ್ಲಿ ಜನ ಬೀದಿಗಿಳಿದು ಕಲ್ಲು ಹೊಡೆದಾಗ ಏನು ಹೇಳಿತು? ಇದರ ಹಿಂದೆ ರಾಜಕೀಯ ಇದೆ, ಚುನಾವಣೆ ಕೆಡಿಸೋ ಹುನ್ನಾರ. ಕಾಯಿಲೆ ಎಲ್ಲಿಂದ ಬಂತು ಅಂತ ಹುಡುಕೋದು ಈಗ ಮುಖ್ಯ ಅಲ್ಲ ಅಂತ ಕೂಡ ಹೇಳಿದರು. ಯಾರಿಗೆ ಮುಖ್ಯ ಅಲ್ಲ? ಮಗು ಸತ್ತ ತಾಯಿಗೆ ಅದಕ್ಕಿಂತ ಮುಖ್ಯ ಏನಿದೆ?

ಮಗಳು: ಸಂಸ್ಥೆಯೇ ನೇಮಿಸಿದ ತಜ್ಞರ ಸಮಿತಿ 2011ರ ಮೇನಲ್ಲಿ ವರದಿ ಕೊಟ್ಟಿತಲ್ಲ.

ಚಿಕ್ಕಮ್ಮ: ಕೊಟ್ಟಿತು. ಅದರಲ್ಲಿ ಎಲ್ಲ ಇದೆ. ಶಿಬಿರದ ಕೊಳವೆಗಳನ್ನ ಹೇಗೆ ಬೇಕೋ ಹಾಗೆ ಜೋಡಿಸಿದ್ದು. ಮೇಲಿನ ಗುಡ್ಡದಲ್ಲಿ ತೆರೆದ ಗುಂಡಿ, ಸುತ್ತ ಬೇಲಿ ಇಲ್ಲ, ಪಕ್ಕದಲ್ಲಿ ಮಕ್ಕಳು ಆಡ್ತಿದ್ದದ್ದು, ದನಕರು ಓಡಾಡ್ತಿದ್ದದ್ದು. ರೋಗಾಣುವಿನ ಗುರುತು ದಕ್ಷಿಣ ಏಷ್ಯಾದ್ದು. ಇಷ್ಟು ಬರೆದು ಕೊನೆಗೆ, ಹಲವು ಸಂದರ್ಭಗಳು ಕೂಡಿ ಬಂದು ಹೀಗಾಯಿತು, ಇಂಥವರದೇ ತಪ್ಪು ಅನ್ನೋಕೆ ಆಗೋಲ್ಲ ಅಂತ ಮುಗಿಸಿದರು. ಸಂಸ್ಥೆ ಆ ಕೊನೆಯ ಮಾತನ್ನೇ ಹಿಡಕೊಂಡಿತು. ಎರಡು ವರ್ಷದ ಮೇಲೆ ಅದೇ ತಜ್ಞರು, ಶಿಬಿರವೇ ಮೂಲ ಇರಬೇಕು ಅಂತ ಬರೆದಾಗಲೂ ಬಾಯಿ ಬಿಡಲಿಲ್ಲ. ಸಾವಿರಾರು ಸಂತ್ರಸ್ತರು ಕೊಟ್ಟ ಪರಿಹಾರದ ಅರ್ಜಿಯನ್ನ 2013ರ ಫೆಬ್ರವರಿಯಲ್ಲಿ ಸ್ವೀಕರಿಸೋಕೇ ಬರೋದಿಲ್ಲ ಅಂತ ತಳ್ಳಿಹಾಕಿದರು.

ಮಗಳು: ಕಾನೂನಿನ ಕಡೆಯಿಂದ ನೋಡಿ, ಚಿಕ್ಕಮ್ಮ. 1946ರ ಒಪ್ಪಂದದಿಂದ ಸಂಸ್ಥೆಗೆ ನ್ಯಾಯಾಲಯಗಳಿಂದ ವಿನಾಯಿತಿ ಇದೆ. ಒಮ್ಮೆ ‘ನಮ್ಮಿಂದ ಆಯಿತು’ ಅಂದರೆ ಎಲ್ಲ ಪಡೆಗಳ ಮೇಲೂ ದಾವೆ ಬೀಳುತ್ತೆ ಅನ್ನೋ ಭಯ. ಇನ್ನೊಂದು, ಹೇಳೋಕೆ ಕಷ್ಟ ಆದರೂ ಹೇಳ್ತೀನಿ: ನೇಪಾಳ, ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಪಡೆಗೆ ಅತಿ ಹೆಚ್ಚು ಜನ ಕಳಿಸೋ ದೇಶಗಳ ಪೈಕಿ ಇವು. ನೇಪಾಳದ ಹೆಸರು ಹೇಳಿದರೆ ನಾಳೆ ಯಾರು ಕಳಿಸ್ತಾರೆ ಅನ್ನೋ ಅಳುಕು ನ್ಯೂಯಾರ್ಕಿನಲ್ಲಿ ಇದ್ದೇ ಇತ್ತು.

ಚಿಕ್ಕಮ್ಮ: ಆ ನೇಪಾಳಿ ಹುಡುಗರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಊರು ಬಿಟ್ಟು ಬಂದ ಬಡ ಸೈನಿಕರು. ಅವರನ್ನ ಕಾಲರಾ ಪರೀಕ್ಷೆ ಮಾಡಿ ಕಳಿಸದೆ ಇದ್ದದ್ದು, ಸರಿಯಾದ ಶೌಚ ಕಟ್ಟದೆ ಇದ್ದದ್ದು ಸಂಸ್ಥೆ. ಹಾಗೆ ನೋಡಿದರೆ ಮೌನದಿಂದ ಅವರಿಗೂ ಅನ್ಯಾಯವೇ ಆಯಿತು. ಸಂಸ್ಥೆ ತನ್ನ ಲೋಪ ಅಂತ ಹೇಳಿಕೊಂಡಿದ್ದರೆ ಜನರ ರೋಷ ಅವರ ಮೇಲೆ ತಿರುಗ್ತಿರಲಿಲ್ಲ. ಇಷ್ಟಕ್ಕೂ ಹೈಟಿಯಲ್ಲಿ ಆ ಪಡೆಗೆ ಕ್ರೆಯೋಲ್ ಭಾಷೆಯಲ್ಲಿ ಮಾತಾಡೋ ತನ್ನದೇ ಎಫ್‌ಎಂ ನಿಲಯ ಇತ್ತು. ರುವಾಂಡದಲ್ಲಿ ಇಲ್ಲದ್ದು ಇಲ್ಲಿ ಇತ್ತು. ಭಾಷೆ ಇತ್ತು, ಮೈಕು ಇತ್ತು, ಕೈತೊಳೆಯಿರಿ, ನೀರು ಕಾಯಿಸಿ ಕುಡಿಯಿರಿ ಅನ್ನೋ ಒಳ್ಳೇ ಸಂದೇಶವೂ ಇತ್ತು. ಆದರೆ ಜನ ಕೇಳ್ತಿದ್ದ ಒಂದೇ ಒಂದು ಪ್ರಶ್ನೆಗೆ ಉತ್ತರ ಇರಲಿಲ್ಲ. ಆ ಉತ್ತರ ಇಲ್ಲದೆ ಮಿಕ್ಕ ಸಂದೇಶವನ್ನ ಅವರು ಯಾವ ಮನಸ್ಸಿನಿಂದ ಕೇಳಿಸಿಕೊಳ್ಳಬೇಕು?

ಮಗಳು: 2016ರ ಡಿಸೆಂಬರ್ 1ರಂದು ಆಗಿನ ಪ್ರಧಾನ ಕಾರ್ಯದರ್ಶಿ ಬಾನ್ ಕಿ ಮೂನ್ ಮಹಾಸಭೆಯಲ್ಲಿ ಕ್ಷಮೆ ಕೇಳಿದರು. ಮೊದಲು ಕ್ರೆಯೋಲ್‌ನಲ್ಲೇ ಶುರು ಮಾಡಿದರು.

ಚಿಕ್ಕಮ್ಮ: ಕೇಳಿದರು, ಅದು ದೊಡ್ಡದೇ. ಆ ಭಾಷಣ ನೋಡಿದಾಗ ನನ್ನ ಕಣ್ಣು ತುಂಬಿತ್ತು. ಆದರೆ ಯಾವಾಗ? ಮಾನವ ಹಕ್ಕುಗಳ ವಿಶೇಷ ವರದಿಗಾರರಾಗಿದ್ದ ಫಿಲಿಪ್ ಆಲ್‌ಸ್ಟನ್ ಅದೇ ವರ್ಷ, ಈ ನಿಲುವು ನೈತಿಕವಾಗಿಯೂ ನಿಲ್ಲೋದಿಲ್ಲ, ಕಾನೂನಿನಲ್ಲೂ ನಿಲ್ಲೋದಿಲ್ಲ, ಸಂಸ್ಥೆಯ ಕಾಲಿಗೇ ಕೊಡಲಿ ಅಂತ ಬರೆದ ಮೇಲೆ. ಅಷ್ಟರಲ್ಲಿ ಎಂಟು ಲಕ್ಷದಷ್ಟು ಜನ ಕಾಯಿಲೆ ಬಿದ್ದು ಸುಮಾರು ಹತ್ತು ಸಾವಿರ ಜನ ಹೋಗಿದ್ದರು. ಪರಿಹಾರಕ್ಕೆ ಅಂತ 40 ಕೋಟಿ ಡಾಲರಿನ ಯೋಜನೆ ಹೇಳಿದರು. ಸದಸ್ಯ ದೇಶಗಳು ಕೊಟ್ಟದ್ದು ಅದರಲ್ಲಿ ಸಣ್ಣ ಪಾಲು. ಕ್ಷಮೆಯ ಮಾತು ಆರು ವರ್ಷ ತಡ ಆದರೆ ಅದರ ಹಿಂದೆ ಹಣ ಕೊಡೋ ಮನಸ್ಸೂ ಆರಿರುತ್ತೆ.

ಮಗಳು: ಈಗ ನಾನು ಒಂದು ಕೇಳ್ತೀನಿ. 2010ರ ಅಕ್ಟೋಬರಿನಲ್ಲಿ ಹೈಟಿಯ ಆ ಸಂವಹನ ಕಚೇರಿಯಲ್ಲಿ ನಾನು ಇದ್ದಿದ್ದರೆ ಏನು ಮಾಡಬೇಕಿತ್ತು? ನಿಜ ಏನು ಅಂತ ನನಗೂ ಆ ದಿನ ಗೊತ್ತಿರೋಲ್ಲ. ನೀರಿನ ಪರೀಕ್ಷೆ ಆಗಿರೋಲ್ಲ.

ಚಿಕ್ಕಮ್ಮ: ಗೊತ್ತಿಲ್ಲ ಅಂತಲೇ ಹೇಳಬೇಕಿತ್ತು. ‘ನಮ್ಮ ಶಿಬಿರದಿಂದ ಬಂದಿರಬಹುದು ಅಂತ ನೀವು ಹೇಳ್ತಿದ್ದೀರಿ, ಹೊರಗಿನವರಿಂದ ಪರೀಕ್ಷೆ ಮಾಡಿಸ್ತೀವಿ, ಈ ತಾರೀಖಿಗೆ ಇದೇ ರೇಡಿಯೊದಲ್ಲಿ ಫಲಿತಾಂಶ ಹೇಳ್ತೀವಿ, ಅಲ್ಲೀತನಕ ಆ ಗುಂಡಿ ಮುಚ್ಚಿಸ್ತೀವಿ.’ ಇಷ್ಟು ಹೇಳೋಕೆ ಯಾವ ತಪ್ಪೊಪ್ಪಿಗೆ ಬೇಕು? ಇಲ್ಲದ ಖಚಿತತೆ ತೋರಿಸೋಕೆ ಹೋಗೋದೇ ಅಪಾಯ. 2020ರ ಮಾರ್ಚ್ 28ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಟ್ವಿಟರಿನಲ್ಲಿ, ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ, ಇದು ಸತ್ಯಸಂಗತಿ ಅಂತ ದೊಡ್ಡಕ್ಷರದಲ್ಲಿ ಹಾಕಲಿಲ್ಲವಾ? ಮೂರು ತಿಂಗಳಿಗೆ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೀಬೇಕಾಯಿತು.

ಮಗಳು: ಆದರೆ ಅದೇ ಆರೋಗ್ಯ ಸಂಸ್ಥೆ, ಯುನಿಸೆಫ್ ಇಬ್ಬರೂ ನಮ್ಮ ದೇಶದ ಪೋಲಿಯೊ ಕೆಲಸದಲ್ಲಿ ಇದ್ದರಲ್ಲ. ಅದನ್ನೂ ಲೆಕ್ಕಕ್ಕೆ ಹಿಡೀರಿ.

ಚಿಕ್ಕಮ್ಮ: ಯಾಕೆ ಹಿಡಿಯೋದಿಲ್ಲ? 1995ರಲ್ಲಿ ಪಲ್ಸ್ ಪೋಲಿಯೊ ಶುರುವಾದಾಗಿನಿಂದ ನಾವೂ ಮೈಕಿನ ಮುಂದೆ ಕೂತು, ಚಿಕ್ಕ ಮಕ್ಕಳಿಗೆ ತಪ್ಪದೆ ಎರಡು ಹನಿ ಹಾಕಿಸಿ ಅಂತ ಹೇಳಿದವರೇ. ಕರ್ನಾಟಕದಲ್ಲಿ ಅಷ್ಟು ಸಾಕಾಯಿತು ಅನ್ನಬಹುದು. ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಸಾಕಾಗಲಿಲ್ಲ. ಹನಿ ಹಾಕಿಸಿದರೆ ಮಕ್ಕಳಿಗೆ ಮುಂದೆ ಸಂತಾನ ಆಗೋಲ್ಲ ಅನ್ನೋ ಮಾತು ಮೊರಾದಾಬಾದಿನ ಗಲ್ಲಿಗಳಲ್ಲಿ ಹಬ್ಬಿತ್ತು. ಸಿನಿಮಾ ತಾರೆಯ ಜಾಹೀರಾತು ಅಲ್ಲಿ ಬಾಗಿಲು ತೆರೆಸಲಿಲ್ಲ. ಯುನಿಸೆಫ್ ಅದೇ ಓಣಿಯ ಹೆಂಗಸರನ್ನ ಸಾವಿರಾರು ಸಂಖ್ಯೆಯಲ್ಲಿ ಮನೆಮನೆಗೆ ಕಳಿಸಿತು. ಅವರು ಕೇಳಿಕೊಂಡು ಬಂದದ್ದು ಏನು? ಚರಂಡಿ ಇಲ್ಲ, ಮಗುವಿಗೆ ಭೇದಿ ಆದರೆ ಔಷಧಿ ಕೊಡೋರಿಲ್ಲ, ಈ ಹನಿ ಹಿಡಕೊಂಡು ಮಾತ್ರ ತಿಂಗಳು ತಿಂಗಳು ಬರ್ತೀರಿ ಯಾಕೆ? ಬರೀ ಗಾಳಿಸುದ್ದಿ ಅಂದುಕೊಂಡದ್ದರ ಒಳಗೆ ನ್ಯಾಯವಾದ ದೂರು ಇತ್ತು. ಅದು ದಿಲ್ಲಿವರೆಗೂ ಮುಟ್ಟಿತು. ಆಮೇಲೆ ಕೆಲಸದ ರೀತಿಯೇ ಬದಲಾಯಿತು: ಕೈತೊಳೆಯೋದು, ಭೇದಿ ಚಿಕಿತ್ಸೆ, ಎದೆಹಾಲು, ಬೇರೆ ಲಸಿಕೆಗಳು ಹನಿಯ ಜೊತೆಗೆ ಸೇರಿದವು. ಮಸೀದಿಗಳಿಂದ ಕರೆ ಹೋಯಿತು. 2011ರ ಜನವರಿಯಲ್ಲಿ ಹೌರಾದ ಒಂದು ಮಗು ಕೊನೇ ಪ್ರಕರಣ, 2014ರ ಮಾರ್ಚಿನಲ್ಲಿ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ. ನಾನು ಹೇಳೋ ಸಂವಹನ ಅಂದರೆ ಇದು. ಓಣಿಯ ಮಾತು ಒಳಗೆ ಹೋಗಿ ತೀರ್ಮಾನ ಬದಲಾಯಿಸಬೇಕು.

ಮಗಳು: ಆ ಹೆಂಗಸರ ಕೆಲಸವನ್ನ ನಮ್ಮಲ್ಲಿ ಸಂವಹನ ಅಂತ ಎಣಿಸೋದೇ ಕಡಿಮೆ. ಅದಕ್ಕೆ ಬೇರೆ ವಿಭಾಗ, ಬೇರೆ ಹಣ. ನಮ್ಮ ವರ್ಷದ ವರದಿಯಲ್ಲಿ ಲೆಕ್ಕಕ್ಕೆ ಬರೋದು ಎಷ್ಟು ಪತ್ರಿಕೆಯಲ್ಲಿ ಹೆಸರು ಬಂತು, ಎಷ್ಟು ಜನ ವಿಡಿಯೊ ನೋಡಿದರು.

ಚಿಕ್ಕಮ್ಮ: ನಿಮ್ಮ ಕರಡಿನಲ್ಲಿ ಮೊದಲು ಒಡೆಯಬೇಕಾದ ಗೋಡೆ ಅದೇ.

ಮಗಳು: ಒಡೆಯಬಹುದು. ಆದರೆ ಕಾಂಗೊ ಮತ್ತೆ ನೆನಪಿಗೆ ಬರುತ್ತೆ. ಒಕಾಪಿ ಇಪ್ಪತ್ತು ವರ್ಷ ಐದು ಭಾಷೆಯಲ್ಲಿ ಜನರ ಮಾತು ಕೇಳಿದ ಮೇಲೂ 2022ರ ಜುಲೈನಲ್ಲಿ ಗೋಮಾ, ಬುಟೆಂಬೊ ಊರುಗಳಲ್ಲಿ ಜನ ವಿಶ್ವಸಂಸ್ಥೆಯ ಶಿಬಿರಗಳ ಮೇಲೆ ನುಗ್ಗಿದರು. ಪ್ರತಿಭಟನೆಗೆ ಬಂದವರೂ ಸತ್ತರು. ಬುಟೆಂಬೊದಲ್ಲಿ ನಮ್ಮ ಗಡಿ ಭದ್ರತಾ ಪಡೆಯ ಇಬ್ಬರು, ಮೊರಾಕೊದ ಒಬ್ಬರು ಹೋದರು. ಇಷ್ಟು ವರ್ಷ ಇದ್ದೂ ನಮ್ಮನ್ನ ಕಾಪಾಡಲಿಲ್ಲ ಅನ್ನೋದು ಜನರ ಸಿಟ್ಟು. ಎಂ23 ಬಂಡುಕೋರರನ್ನ ಎದುರಿಸೋ ಸೈನಿಕ ಶಕ್ತಿ ನಮ್ಮ ಪಡೆಗಿಲ್ಲ ಅಂತ ಅಲ್ಲಿನ ವಕ್ತಾರರು ಸಂದರ್ಶನದಲ್ಲಿ ಹೇಳಿದ್ದರು. ಆಗಸ್ಟಿನಲ್ಲಿ ಸರ್ಕಾರ ಅವರನ್ನ ದೇಶ ಬಿಡಿಸಿತು. ಇದ್ದದ್ದನ್ನ ಇದ್ದ ಹಾಗೆ ಹೇಳಿದ್ದಕ್ಕೆ. ಇದಕ್ಕೆ ಏನು ಹೇಳ್ತೀರಿ?

ಚಿಕ್ಕಮ್ಮ: ಅವರು ಹೇಳಿದ್ದು ಸರಿ ಅಂತ ಹೇಳ್ತೀನಿ. ತಡವಾಗಿ ಹೇಳಿದರು ಅಂತಲೂ ಹೇಳ್ತೀನಿ. 2012ರ ನವೆಂಬರಿನಲ್ಲಿ ಅದೇ ಎಂ23 ಗೋಮಾ ಹಿಡಿದಾಗಲೂ ವಿಶ್ವಸಂಸ್ಥೆಯ ಸೈನಿಕರು ಊರಲ್ಲೇ ಇದ್ದರು. ಆವತ್ತೇ ಜನ ಕೇಳಿದ್ದರು: ನೀವು ಇರೋದು ಯಾತಕ್ಕೆ, ನಿಮ್ಮ ಕೈಲಿ ಏನಾಗುತ್ತೆ, ಏನಾಗೋಲ್ಲ? ಒಕಾಪಿಯಲ್ಲಿ ಆ ಪ್ರಶ್ನೆ ಎಷ್ಟೋ ಸಂಜೆ ಬಂದಿರಬೇಕು. ನಿಲಯ ಪ್ರಾಮಾಣಿಕವಾಗಿ ಅದನ್ನ ಪ್ರಸಾರ ಮಾಡಿತು. ಪಡೆಯ ಮುಖ್ಯಸ್ಥರ ಮೇಜಿನ ಮೇಲೆ, ಭದ್ರತಾ ಮಂಡಳಿಯ ಮೇಜಿನ ಮೇಲೆ ಅದು ಅದೇ ಕಾವಿನಲ್ಲಿ ಬಂತೇ? ಹತ್ತು ವರ್ಷದ ಸಿಟ್ಟಿಗೆ ಕೊನೆಗೆ ಒಬ್ಬ ವಕ್ತಾರ ಎದೆ ಕೊಡಬೇಕಾಗಿ ಬರಬಾರದಿತ್ತು.

ಮಗಳು: ಹಾಗಾದರೆ ಕರಡಿಗೆ ಇಷ್ಟು ಸೇರಿಸ್ತೀನಿ. ಪ್ರತಿ ವಾರ ಒಂದು ಹಾಳೆ. ಊರಿನ ಜನ ಕೇಳಿದ ಪ್ರಶ್ನೆಗಳು, ಅವರದೇ ಮಾತಿನಲ್ಲಿ, ತಿದ್ದದೆ. ಅದು ನಮ್ಮ ವಿಭಾಗದಲ್ಲಿ ನಿಲ್ಲದೆ ನೇರವಾಗಿ ಮುಖ್ಯಸ್ಥರ ಕೈಗೆ. ಪಕ್ಕದಲ್ಲಿ ಎರಡು ಅಂಕಣ: ಯಾರು ಉತ್ತರ ಕೊಡಬೇಕು, ಯಾವ ದಿನಕ್ಕೆ. ಉತ್ತರ ಮೊದಲು ಆ ಊರಿನ ಭಾಷೆಯಲ್ಲಿ, ಆ ಊರಿನ ರೇಡಿಯೊದಲ್ಲಿ, ರಾಜಧಾನಿಗಳಿಗೆ ಆಮೇಲೆ.

ಚಿಕ್ಕಮ್ಮ: ಕಾನೂನಿನವರನ್ನ ಕೊನೆಗೆ ಅಳಿಸೋಕೆ ಕರೆಯಬೇಡ. ಪ್ರಶ್ನೆ ಓದೋ ಸಭೆಗೇ ಕರೆದು ಕೂರಿಸು. ಪ್ರಶ್ನೆ ಕೇಳಿದವರ ದನಿ ಕೇಳಿಸಿಕೊಂಡ ಮೇಲೆ ಯಾವ ಮಾತು ಅಳಿಸಬೇಕು ಅಂತ ಅವರೂ ಎರಡು ಸಲ ಯೋಚಿಸ್ತಾರೆ.

ಮಗಳು: ದನಿ ಅಂದಿರಲ್ಲ, ಬರೆದ ಹಾಳೆ ಬದಲು ಧ್ವನಿಮುದ್ರಿಕೆಯನ್ನೇ ಹಾಕಿಸಬಹುದು. ಐದು ನಿಮಿಷ.

ಚಿಕ್ಕಮ್ಮ: ಹಾಕಿಸು. ಹೇಳಿದವರ ಹೆಸರು, ಊರು ಗೊತ್ತಾಗದ ಹಾಗೆ ನೋಡಿಕೋ. ಬುಕಾವುವಿನಲ್ಲಿ ಆದದ್ದು ಮರೀಬೇಡ. ಅನುವಾದಕ್ಕೆ ಆ ಭಾಷೆ ಬಲ್ಲ ಊರಿನವರನ್ನೇ ಹಿಡಿ, ಸಂಬಳ ಕೊಟ್ಟು.

ಮಗಳು: ಸಂಬಳ ಅಂದ ಕೂಡಲೇ ನಿರ್ದೇಶಕರು ವಿಡಿಯೊ ಲೆಕ್ಕದಿಂದ ಕಡಿಮೆ ಮಾಡಿ ಅಂತಾರೆ.

ಚಿಕ್ಕಮ್ಮ: ಅವರು ಹೇಳೋ ಮುಂಚೆ ನೀನೇ ಕಡಿಮೆ ಮಾಡಿ ತೋರಿಸು. ಎಷ್ಟು ಇಟ್ಟಿದ್ದೀಯ ವಿಡಿಯೊಗೆ? ಆ ಕೋಷ್ಟಕ ತೆಗಿ, ಈಗಲೇ ಕೂತು ನೋಡೋಣ.